ಪದಗಳಲ್ಲಿ ಹೇಳಿದ್ದನ್ನು ಬೀಜೋಕ್ತಿಯಾಗಿ ಬರೆಸುವುದು ಹೇಗೆ? ‘ಇಂದ’ ತರುವ ತೊಡಕು

ಬೆಳಕಿಂಡಿ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಏಳನೇ ತರಗತಿಗೆ ಗಣಿತ ಕಲಿಸುತ್ತೇನೆ. ಈಗ ಬೀಜೋಕ್ತಿಗಳ, ಅಂದರೆ ಸಂಖ್ಯೆ ಮತ್ತು ಅಕ್ಷರಗಳನ್ನು ಕ್ರಿಯಾಚಿಹ್ನೆಗಳಿಂದ ಜೋಡಿಸಿ ಬರೆಯುವುದರ, ಪಾಠ ನಡೆಯುತ್ತಿದೆ. ಒಂದೇ ಅಕ್ಷರವಿರುವ ಸಜಾತಿ ಪದಗಳನ್ನು ಕೂಡುವುದು, ಚರಾಕ್ಷರದ (ಸಂಖ್ಯೆಯ ಬದಲು ನಿಲ್ಲುವ ಅಕ್ಷರದ) ಜಾಗದಲ್ಲಿ ಬೆಲೆ ಆದೇಶಿಸುವುದು ಮಕ್ಕಳಿಗೆ ಕಷ್ಟವಾಗಲಿಲ್ಲ. ಒಂದು ವಾಕ್ಯ ಕೊಟ್ಟು ‘ಇದನ್ನು ಬೀಜೋಕ್ತಿಯಾಗಿ ಬರೆಯಿರಿ’ ಎಂದಾಗ ಮಾತ್ರ ಚೆನ್ನಾಗಿ ಓದುವ ಮಕ್ಕಳೂ ತಡವರಿಸುತ್ತಾರೆ.

ಈ ವಾರ ಕೊಟ್ಟ ಎರಡು ವಾಕ್ಯಗಳನ್ನು ನೋಡಿ. ಪಠ್ಯಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ. ಇಲ್ಲಿ ಓದಲು ಸುಲಭವಾಗಲಿ ಎಂದು ಸಂಖ್ಯೆಯನ್ನು ಕ ಎಂದಿಟ್ಟುಕೊಳ್ಳುತ್ತೇನೆ.

12ರಿಂದ ಒಂದು ಸಂಖ್ಯೆಯನ್ನು ಕಳೆಯಿರಿ.
12ರಿಂದ ಒಂದು ಸಂಖ್ಯೆಯನ್ನು ಭಾಗಿಸಿ.

ಮೊದಲನೆಯದಕ್ಕೆ ಬಹುತೇಕ ಎಲ್ಲರೂ 12 − ಕ ಎಂದು ಸರಿಯಾಗಿಯೇ ಬರೆದರು. ಎರಡನೆಯದಕ್ಕೂ ಅದೇ ಓಟದಲ್ಲಿ 12 ÷ ಕ ಎಂದು ಬರೆದರು. ಬರಬೇಕಾದದ್ದು ಕ ÷ 12. ಒಬ್ಬ ಹುಡುಗಿ ಎದ್ದು ನಿಂತು, ‘ಮಿಸ್, ಎರಡರಲ್ಲೂ 12ರಿಂದ ಎಂದೇ ಇದೆಯಲ್ಲ, ಅಲ್ಲಿ 12 ಮೊದಲು ಬಂದರೆ ಇಲ್ಲೇಕೆ ಕೊನೆಗೆ ಬರುತ್ತದೆ?’ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ‘ಭಾಗಾಕಾರದಲ್ಲಿ ಹಾಗೆ’ ಎಂದು ಹೇಳಿ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಗೋಡೆಗೆ ಒಂದು ಪಟ್ಟಿ ಅಂಟಿಸುತ್ತೇವೆ. ಹೆಚ್ಚು, ಒಟ್ಟು, ಸೇರಿಸು ಎಂದಿದ್ದರೆ ಕೂಡು. ಕಡಿಮೆ, ಉಳಿದ ಎಂದಿದ್ದರೆ ಕಳೆ. ರಷ್ಟು, ಪಟ್ಟು ಎಂದಿದ್ದರೆ ಗುಣಿಸು. ಸಮನಾಗಿ ಹಂಚು ಎಂದಿದ್ದರೆ ಭಾಗಿಸು. ಯಾವ ಚಿಹ್ನೆ ಹಾಕಬೇಕು ಎನ್ನುವುದನ್ನು ಈ ಪಟ್ಟಿ ಹೇಳಬಹುದು. ಯಾವುದು ಮೊದಲು ಬರಬೇಕು, ಆವರಣ ಎಲ್ಲಿ ಹಾಕಬೇಕು ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ನೀವೆಲ್ಲ ಹೇಗೆ ಕಲಿಸುತ್ತೀರಿ?

ಕನ್ನಡ ಮೇಷ್ಟ್ರು

ಮೇಡಂ, ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವನು. ನಿಮ್ಮ ವಿದ್ಯಾರ್ಥಿನಿ ಕೇಳಿದ್ದಕ್ಕೆ ಉತ್ತರ ವ್ಯಾಕರಣದಲ್ಲಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸುವಾಗ ತೃತೀಯಾ ವಿಭಕ್ತಿಗೆ ‘ಇಂದ’, ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ಹೇಳಿಸುತ್ತೇವೆ. ಬಳಕೆಯಲ್ಲಿ ‘ದೆಸೆಯಿಂದ’ ಎಂದು ಯಾರೂ ಹೇಳುವುದಿಲ್ಲ. ಎರಡೂ ಅರ್ಥಕ್ಕೆ ‘ಇಂದ’ ಒಂದೇ. ‘ಮರದಿಂದ ಹಣ್ಣು ಬಿತ್ತು’ ಎಂದಾಗ ಮರವನ್ನು ಬಿಟ್ಟು ಹಣ್ಣು ಬೇರೆಯಾಯಿತು, ಅದು ಅಪಾದಾನ. ‘ಕೊಡಲಿಯಿಂದ ಮರ ಕಡಿದರು’ ಎಂದಾಗ ಕೊಡಲಿ ಕೆಲಸದ ಸಾಧನ, ಅದು ಕರಣ.

ಈಗ ನಿಮ್ಮ ವಾಕ್ಯಗಳಿಗೆ ಬನ್ನಿ. ‘12ರಿಂದ ಕಳೆ’ ಎನ್ನುವಲ್ಲಿ 12 ಮರ. ಅದರಿಂದ ಏನೋ ಹೊರಗೆ ಹೋಗುತ್ತಿದೆ. ‘12ರಿಂದ ಭಾಗಿಸು’ ಎನ್ನುವಲ್ಲಿ 12 ಕೊಡಲಿ. ಅದನ್ನು ಹಿಡಿದು ಇನ್ನೊಂದನ್ನು ಕತ್ತರಿಸುತ್ತೇವೆ. ಪ್ರತ್ಯಯ ಒಂದೇ, ಕಾರಕ (ಕ್ರಿಯೆಯ ಜೊತೆ ಪದಕ್ಕಿರುವ ಸಂಬಂಧ) ಬೇರೆ. ಅದನ್ನು ತೀರ್ಮಾನಿಸುವುದು ವಾಕ್ಯದ ಕೊನೆಯಲ್ಲಿರುವ ಕ್ರಿಯಾಪದ. ಆದ್ದರಿಂದ ಮಕ್ಕಳು ಕ್ರಿಯಾಪದ ಓದಿ ಮುಗಿಸುವವರೆಗೆ ಪೆನ್ಸಿಲ್ ಎತ್ತಬಾರದು.

ಒಂದು ಪ್ರಶ್ನೆ ಕೇಳಲು ಕಲಿಸಿ: ‘ಯಾವುದರ ಮೇಲೆ ಕೆಲಸ ನಡೆಯುತ್ತಿದೆ?’ ಕೂಡುವಾಗ ‘ಕ್ಕೆ’ ಹತ್ತಿದ ಸಂಖ್ಯೆಯ ಮೇಲೆ, ಕಳೆಯುವಾಗ ‘ಇಂದ’ ಹತ್ತಿದ ಸಂಖ್ಯೆಯ ಮೇಲೆ, ಭಾಗಿಸುವಾಗ ‘ಅನ್ನು’ ಹತ್ತಿದ ಸಂಖ್ಯೆಯ ಮೇಲೆ. ಆ ಸಂಖ್ಯೆಯೇ ಬೀಜೋಕ್ತಿಯಲ್ಲಿ ಮೊದಲು ನಿಲ್ಲುತ್ತದೆ. ಗುಣಾಕಾರದಲ್ಲಿ ಯಾವುದು ಮೊದಲಾದರೂ ಬೆಲೆ ಬದಲಾಗುವುದಿಲ್ಲ, ಹಾಗಾಗಿ ಅಲ್ಲಿ ಈ ತೊಡಕೇ ಇಲ್ಲ.

ಎಣಿಕೆಗಾರ

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಅದಕ್ಕೆ ಒಂದು ಮಾತು ಸೇರಿಸಬೇಕು. ಕನ್ನಡದಲ್ಲಿ ಪದಗಳ ಜಾಗ ಅದಲುಬದಲಾದರೂ ಅರ್ಥ ಕೆಡುವುದಿಲ್ಲ. ‘ಒಂದು ಸಂಖ್ಯೆಯಿಂದ 5ನ್ನು ಕಳೆಯಿರಿ’, ‘5ನ್ನು ಒಂದು ಸಂಖ್ಯೆಯಿಂದ ಕಳೆಯಿರಿ’ ಎರಡೂ ಕ − 5. ‘ಓದಿದ ಕ್ರಮದಲ್ಲೇ ಬರೆಯಿರಿ’ ಎಂದು ಹೇಳಿಕೊಟ್ಟರೆ ಎರಡನೆಯ ವಾಕ್ಯದಲ್ಲಿ ಮಗು 5 − ಕ ಎಂದು ಬರೆಯುತ್ತದೆ, ಆ ತಪ್ಪಿಗೆ ಕಾರಣ ನಾವು ಕೊಟ್ಟ ಸೂತ್ರ. ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಈ ಎರಡನೆಯ ರೂಪವೇ ಹೆಚ್ಚು ಇಷ್ಟ ಎನ್ನುವುದನ್ನು ಗಮನಿಸಿದ್ದೇನೆ.

ಪಟ್ಟಿಯ ವಿಷಯ. ಅದನ್ನು ಗೋಡೆಯಿಂದ ತೆಗೆದುಬಿಡಿ ಎನ್ನುತ್ತೇನೆ. ಈ ಪ್ರಶ್ನೆ ನೋಡಿ: ‘ಅಣ್ಣನ ಬಳಿ ತಂಗಿಗಿಂತ 5 ಗೋಲಿ ಹೆಚ್ಚಿವೆ. ಅಣ್ಣನ ಬಳಿ ಇರುವ ಗೋಲಿಗಳು ಕ. ತಂಗಿಯ ಬಳಿ ಎಷ್ಟು?’ ವಾಕ್ಯದಲ್ಲಿ ಇರುವುದು ‘ಹೆಚ್ಚು’, ಬರೆಯಬೇಕಾದದ್ದು ಕ − 5. ಪಟ್ಟಿ ನೋಡಿ ಬರೆಯುವ ಮಗು ಕ + 5 ಎಂದು ಬರೆದು ಧೈರ್ಯವಾಗಿ ಕುಳಿತಿರುತ್ತದೆ. ಪಟ್ಟಿ ಇಲ್ಲದಿದ್ದರೆ ಅದು ಕನಿಷ್ಠ ಒಂದು ಕ್ಷಣ ಯೋಚಿಸುತ್ತಿತ್ತು.

ಪಟ್ಟಿಯ ಬದಲು ಒಂದು ಅಭ್ಯಾಸ ಮಾಡಿಸಿ. ಬರೆಯುವ ಮೊದಲು ಕ ಜಾಗದಲ್ಲಿ ಒಂದು ಸಂಖ್ಯೆ ಇಟ್ಟು ವಾಕ್ಯ ಹೇಳಿದ ಕೆಲಸವನ್ನು ಬಾಯಲ್ಲೇ ಮಾಡಬೇಕು. ‘ಅಣ್ಣನ ಬಳಿ 20 ಇದ್ದರೆ ತಂಗಿಯ ಬಳಿ?’ ಎಂದರೆ ಎಲ್ಲ ಮಕ್ಕಳೂ 15 ಎನ್ನುತ್ತಾರೆ. ‘ಹೇಗೆ ಬಂತು?’ ‘20ರಿಂದ 5 ಕಳೆದೆ.’ ‘ಹಾಗಾದರೆ 20ರ ಜಾಗದಲ್ಲಿ ಕ ಇಡು.’ ಬೀಜೋಕ್ತಿ ಬಂದೇಬಿಟ್ಟಿತು. ಪರೀಕ್ಷಿಸಲು 10, 20ರಂತಹ ಸಂಖ್ಯೆ ಒಳ್ಳೆಯದು. 1 ಮತ್ತು 2 ಬೇಡ. 2ನ್ನು 2ರಿಂದ ಗುಣಿಸಿದರೂ 2ಕ್ಕೆ 2 ಸೇರಿಸಿದರೂ 4 ಬರುತ್ತದೆ, ತಪ್ಪು ಮುಚ್ಚಿಹೋಗುತ್ತದೆ.

ಸಂಪಿಗೆ

ನಾನು ಶಿಕ್ಷಕಿಯಲ್ಲ, ಇಂಗ್ಲಿಷ್ ಮಾಧ್ಯಮದಲ್ಲಿ ಏಳನೆಯ ತರಗತಿ ಓದುತ್ತಿರುವ ಹುಡುಗನ ತಾಯಿ. ನನ್ನ ಮಗ ಕನ್ನಡದಲ್ಲಿ ಕೇಳಿದರೆ ಸರಿ ಹೇಳುತ್ತಾನೆ, ಇಂಗ್ಲಿಷ್ ಪುಸ್ತಕದ ವಾಕ್ಯಕ್ಕೆ ತಿರುಗುಮುರುಗು ಬರೆಯುತ್ತಾನೆ. ‘ಒಂದು ಸಂಖ್ಯೆಗಿಂತ 5 ಕಡಿಮೆ’ ಎಂದರೆ ಕ − 5 ಎಂದು ತಕ್ಷಣ ಹೇಳುವವನು ಅದೇ ವಾಕ್ಯ ಇಂಗ್ಲಿಷಿನಲ್ಲಿದ್ದರೆ 5 − ಕ ಎನ್ನುತ್ತಾನೆ. ಮನೆಪಾಠದವರು ‘ಗಮನವಿಲ್ಲ’ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಎಣಿಕೆಗಾರ

ಗಮನದ ಕೊರತೆ ಅಲ್ಲ, ಸಂಪಿಗೆಯವರೇ. ಇಂಗ್ಲಿಷಿನಲ್ಲಿ ಆ ವಾಕ್ಯದ ಮೊದಲ ಪದವೇ 5, ಸಂಖ್ಯೆಯ ಸುದ್ದಿ ಕೊನೆಗೆ ಬರುತ್ತದೆ. ಕನ್ನಡದಲ್ಲಿ ಸಾಮಾನ್ಯ ಕ್ರಮ ಅದರ ತಿರುವು. ‘ಒಂದು ಸಂಖ್ಯೆಯ ಎರಡರಷ್ಟಕ್ಕಿಂತ 3 ಹೆಚ್ಚು’ ಎನ್ನುವಾಗ ಮೊದಲು ಸಂಖ್ಯೆ, ಆಮೇಲೆ ಅದರ ಎರಡರಷ್ಟು, ಆಮೇಲೆ 3. ಲೆಕ್ಕ ಮಾಡುವ ಕ್ರಮವೂ ಅದೇ. ಇಂಗ್ಲಿಷ್ ವಾಕ್ಯ 3ರಿಂದ ಶುರುವಾಗಿ ಸಂಖ್ಯೆಯಲ್ಲಿ ಮುಗಿಯುತ್ತದೆ. ಮಗನಿಗೆ ಇಂಗ್ಲಿಷ್ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಲು ಹೇಳಿ, ಆಮೇಲೆ ಬರೆಯಲಿ. ಮನೆಮಾತಿನಲ್ಲಿ ಯೋಚಿಸಿದರೆ ಇಂಗ್ಲಿಷ್ ಕೆಡುತ್ತದೆ ಎನ್ನುವವರ ಮಾತಿಗೆ ಇಲ್ಲಿ ಕಿವಿಗೊಡಬೇಡಿ. ಈ ಒಂದು ಕೆಲಸದಲ್ಲಿ ಕನ್ನಡ ಅವನಿಗೆ ದೊಡ್ಡ ಆಸರೆ.

ಇದರಿಂದ ಹೊರಡುವ ಇನ್ನೊಂದು ವಿಷಯ ಆವರಣದ್ದು. ಬೆಳಕಿಂಡಿಯವರು ಕೇಳಿದ್ದ ಎರಡನೆಯ ಪ್ರಶ್ನೆ ಅದೇ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು ಮುಖ್ಯ ಪದ ಕೊನೆಯಲ್ಲಿ ಕೂರುತ್ತದೆ. ಗಣಿತದ ಪದಪುಂಜಗಳಲ್ಲಿ ಹೀಗೆ ಕೊನೆಗೆ ಬರುವುದು ಕೊನೆಗೆ ಮಾಡಬೇಕಾದ ಕ್ರಿಯೆ. ಉದಾಹರಣೆಗೆ,

‘ಎರಡು ಸಂಖ್ಯೆಗಳ ವರ್ಗಗಳ ಮೊತ್ತ’: ಕೊನೆಯ ಪದ ಮೊತ್ತ. ಆದ್ದರಿಂದ ಕೊನೆಗೆ ಕೂಡುತ್ತೇವೆ, ಅ² + ಬ².

‘ಎರಡು ಸಂಖ್ಯೆಗಳ ಮೊತ್ತದ ವರ್ಗ’: ಕೊನೆಯ ಪದ ವರ್ಗ. ಮೊತ್ತ ಮೊದಲೇ ಮುಗಿದಿರಬೇಕು, ಆದ್ದರಿಂದ ಅದು ಆವರಣದೊಳಗೆ, (ಅ + ಬ)².

3 ಮತ್ತು 4 ಇಟ್ಟರೆ ಮೊದಲನೆಯದು 25, ಎರಡನೆಯದು 49. ಎಂಟನೇ ತರಗತಿಗೆ ಹೋದ ಮೇಲೆ ಮಕ್ಕಳು (ಅ + ಬ)² ಮತ್ತು ಅ² + ಬ² ಒಂದೇ ಎಂದು ಬರೆಯುತ್ತಾರಲ್ಲ, ಆ ರೋಗಕ್ಕೆ ಔಷಧ ಇಲ್ಲಿಯೇ, ಏಳರಲ್ಲಿಯೇ ಕೊಡಬೇಕು. ನಿತ್ಯಸಮೀಕರಣ (ಅಕ್ಷರಗಳಿಗೆ ಯಾವ ಬೆಲೆ ಇಟ್ಟರೂ ನಿಜವಾಗುವ ಸಮೀಕರಣ) ಬರುವ ಮೊದಲೇ ಈ ಎರಡು ಪದಪುಂಜಗಳನ್ನು ಕಿವಿಯಿಂದ ಬೇರೆಮಾಡಿ ಕೇಳಲು ಮಗುವಿಗೆ ಬರಬೇಕು.

ಹೀಗೆಯೇ ‘ಒಂದು ಸಂಖ್ಯೆಯ ಎರಡರಷ್ಟಕ್ಕೆ 3ನ್ನು ಸೇರಿಸಿ’ ಎಂದರೆ 2ಕ + 3. ‘ಒಂದು ಸಂಖ್ಯೆಗೆ 3 ಸೇರಿಸಿದಾಗ ಬರುವ ಮೊತ್ತದ ಎರಡರಷ್ಟು’ ಎಂದರೆ 2(ಕ + 3). ‘ಬರುವ ಮೊತ್ತದ’, ‘ಬಂದ ಉತ್ತರವನ್ನು’, ‘ಬಂದುದರ’ ಎನ್ನುವ ಮಾತುಗಳ ಕೆಳಗೆ ಗೆರೆ ಎಳೆಸಿ. ಆವರಣ ಮುಚ್ಚಬೇಕಾದ ಜಾಗ ಅದು.

ಬೆಳಕಿಂಡಿ

ಗೆರೆ ಎಳೆಸುವುದು ನಾಳೆಯಿಂದಲೇ ಶುರು. ಪಟ್ಟಿಯನ್ನೂ ತೆಗೆಯುತ್ತೇನೆ. ಮಕ್ಕಳು ದಿನವೂ ನೋಡುವ ವ್ಯವಹಾರದಿಂದ ಒಂದೆರಡು ಉದಾಹರಣೆ ಬೇಕು. ಪುಸ್ತಕದ ಪೆನ್ನು, ಪೆನ್ಸಿಲ್, ತಂದೆ ಮಗನ ವಯಸ್ಸು ಎಲ್ಲ ಮುಗಿದಿವೆ.

ರಾಜಾಜಿನಗರದವರು

ಆಟೊ ಬಾಡಿಗೆ ಕೊಡಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ಎಂದು ದರ ಪರಿಷ್ಕರಣೆಯಾಗಿದೆ. ಕಾಯುವ ಶುಲ್ಕ, ರಾತ್ರಿಯ ದರ ಬಿಡಿ. ಹೋದ ದೂರ ದ ಕಿಲೋಮೀಟರ್ ಆದರೆ ಬಾಡಿಗೆ ಎಷ್ಟು?

ಮಕ್ಕಳು ಮೊದಲು ಬರೆಯುವುದು 36 + 18ದ. ‘ಅನಂತರದ’ ಎಂಬ ಪದವನ್ನು ಅವರು ನುಂಗಿಬಿಡುತ್ತಾರೆ. 5 ಕಿಲೋಮೀಟರ್ ಹೋದೆವು ಎಂದುಕೊಂಡು ಬಾಯಲ್ಲೇ ಲೆಕ್ಕ ಮಾಡಿಸಿ. ಮೊದಲ 2ಕ್ಕೆ 36, ಉಳಿದ 3ಕ್ಕೆ 54, ಒಟ್ಟು 90. ಆ 3 ಎಲ್ಲಿಂದ ಬಂತು? 5ರಿಂದ 2 ಕಳೆದದ್ದರಿಂದ. ಹಾಗಾಗಿ 36 + 18(ದ − 2).

ಇಷ್ಟಕ್ಕೆ ನಿಲ್ಲಿಸಬೇಡಿ. ಆವರಣ ಬಿಡಿಸಿ ನೋಡಿ. 36 + 18ದ − 36, ಅಂದರೆ ಬರೀ 18ದ! ಕನಿಷ್ಠ ಬಾಡಿಗೆ ಎನ್ನುವುದು ಬೀಜೋಕ್ತಿಯಿಂದ ಮಾಯವಾಯಿತು. ತರಗತಿಯಲ್ಲಿ ಈ ಕ್ಷಣ ಬಂದಾಗ ಮಕ್ಕಳ ಮುಖ ನೋಡಬೇಕು. 2021ರಿಂದ ಇದ್ದ ಹಿಂದಿನ ದರದಲ್ಲಿ 2 ಕಿಲೋಮೀಟರಿಗೆ 30, ಆಮೇಲೆ ಪ್ರತಿ ಕಿಲೋಮೀಟರಿಗೆ 15. ಅದೂ ಸುಲಭರೂಪಕ್ಕೆ ತಂದರೆ 15ದ.

ಬೆಳಕಿಂಡಿ

ಬಹಳ ಚೆನ್ನಾಗಿದೆ ಸರ್! ಆದರೆ ಒಂದು ಮಗು ‘ಹಾಗಾದರೆ 1 ಕಿಲೋಮೀಟರಿಗೆ 18 ರೂಪಾಯಿ ಕೊಟ್ಟರೆ ಸಾಕೇ?’ ಎಂದು ಕೇಳದೆ ಬಿಡುವುದಿಲ್ಲ.

ರಾಜಾಜಿನಗರದವರು

ಕೇಳಲಿ, ಕೇಳಬೇಕಾದ ಪ್ರಶ್ನೆಯೇ ಅದು. 1 ಕಿಲೋಮೀಟರ್ ಹೋದರೂ 36 ಕೊಡಬೇಕು. ನಮ್ಮ ಬೀಜೋಕ್ತಿ ದ ಬೆಲೆ 2 ಅಥವಾ ಅದಕ್ಕಿಂತ ಹೆಚ್ಚು ಇರುವಾಗ ಮಾತ್ರ ಸಲ್ಲುತ್ತದೆ. ದ ಜಾಗದಲ್ಲಿ 1 ಇಟ್ಟರೆ ದ − 2 ಋಣ ಸಂಖ್ಯೆಯಾಗುತ್ತದೆ, ‘ಉಳಿದ ದೂರ’ ಋಣವಾಗಲು ಸಾಧ್ಯವಿಲ್ಲ. ಚರಾಕ್ಷರ ಎಂದರೆ ಯಾವ ಬೆಲೆಯಾದರೂ ಸರಿ ಎಂದಲ್ಲ, ಸಂದರ್ಭ ಒಂದು ಬೇಲಿ ಹಾಕಿರುತ್ತದೆ ಎನ್ನುವುದು ಇಲ್ಲಿ ತಾನಾಗಿ ತಿಳಿಯುತ್ತದೆ.

ಚುರುಕಾದ ಮಕ್ಕಳಿಗೆ ಮುಂದಿನ ಪ್ರಶ್ನೆ: ಕನಿಷ್ಠ ಬಾಡಿಗೆ 40 ಎಂದಿದ್ದು ಉಳಿದದ್ದೆಲ್ಲ ಹೀಗೆಯೇ ಇದ್ದರೆ? ಆಗ 18ದ + 4. ಸ್ಥಿರಾಂಕ (ಅಕ್ಷರವಿಲ್ಲದ ಬಿಡಿ ಸಂಖ್ಯೆ) ಮಾಯವಾಗಲು 36 ಎನ್ನುವುದು 18ರ ಸರಿಯಾಗಿ ಎರಡರಷ್ಟು ಆಗಿರುವುದೇ ಕಾರಣ ಎಂದು ಅವರೇ ಕಂಡುಹಿಡಿಯಲಿ.

ಮಲ್ಲಿಗೆ ಮೊಳ

ನನ್ನ ಕಡೆಯಿಂದ ಹೂವಿನ ಉದಾಹರಣೆ. ಹೂ ಮಾರುವವರ ಬಳಿ ಒಂದು ಮಾರು ಎಂದರೆ ನಾಲ್ಕು ಮೊಳ. ಮಾರುಗಳ ಸಂಖ್ಯೆಗೂ ಮೊಳಗಳ ಸಂಖ್ಯೆಗೂ ಇರುವ ಸಂಬಂಧ ಬರೆಯಿರಿ ಎಂದರೆ ತರಗತಿಯ ಬಹುಪಾಲು ಮಕ್ಕಳು ಮಾ = 4ಮೊ ಎಂದು ಬರೆಯುತ್ತಾರೆ. ಓದಿದರೆ ಸರಿಯೆಂದೇ ಕಿವಿಗೆ ಕೇಳುತ್ತದೆ: ಮಾರು ಎಂದರೆ ನಾಲ್ಕು ಮೊಳ. ಈಗ ಸಂಖ್ಯೆ ಇಡಿ. 3 ಮಾರು ಹೂವಿನಲ್ಲಿ 12 ಮೊಳ. ಮಾ ಜಾಗದಲ್ಲಿ 3, ಮೊ ಜಾಗದಲ್ಲಿ 12 ಇಟ್ಟರೆ 3 = 48 ಎಂದಾಯಿತು! ಸರಿಯಾದದ್ದು ಮೊ = 4ಮಾ.

ಇಲ್ಲಿ ನಡೆದದ್ದೇನು? ಮಗುವಿಗೆ ಮಾ ಎಂದರೆ ಮಾರು ಎಂಬ ವಸ್ತು, ಮೊ ಎಂದರೆ ಮೊಳ ಎಂಬ ವಸ್ತು. ಅಳತೆಯ ಕೋಷ್ಟಕವನ್ನು ಅದು ಚಿಕ್ಕದಾಗಿ ಬರೆದಿದೆ. ಬೀಜಗಣಿತದಲ್ಲಿ ಅಕ್ಷರ ನಿಲ್ಲುವುದು ವಸ್ತುವಿಗಲ್ಲ, ‘ಎಷ್ಟು’ ಎನ್ನುವುದಕ್ಕೆ.

ಇದು ಏಳನೇ ತರಗತಿಯ ಮಕ್ಕಳಿಗಷ್ಟೇ ಬರುವ ತೊಂದರೆ ಎಂದುಕೊಳ್ಳಬೇಡಿ. 1980ರ ಆಸುಪಾಸಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಇಂಥದೇ ಪ್ರಶ್ನೆ ಕೊಟ್ಟರು. ವಿದ್ಯಾರ್ಥಿಗಳು ಪ್ರಾಧ್ಯಾಪಕರ ಆರರಷ್ಟು ಇದ್ದಾರೆ, ಸಮೀಕರಣ ಬರೆಯಿರಿ ಎಂದು. ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ತಪ್ಪು ಬರೆದರು, ಅವರಲ್ಲಿ ಹೆಚ್ಚಿನವರು ಆರನ್ನು ವಿದ್ಯಾರ್ಥಿಗಳ ಅಕ್ಷರದ ಪಕ್ಕ ಇಟ್ಟಿದ್ದರು. ಕಲನಶಾಸ್ತ್ರ (ಕ್ಯಾಲ್ಕುಲಸ್) ಓದುವವರೇ ಎಡವುವ ಜಾಗವಿದು. ಆದ್ದರಿಂದ ಮಕ್ಕಳನ್ನು ಗದರಿಸಿ ಪ್ರಯೋಜನವಿಲ್ಲ.

ನನ್ನ ಸಲಹೆ ಎಂದರೆ ವಸ್ತುವಿನ ಮೊದಲ ಅಕ್ಷರವನ್ನು ಚರಾಕ್ಷರವಾಗಿ ಬಳಸಬೇಡಿ. ಮಾರುಗಳ ಸಂಖ್ಯೆ ಕ, ಮೊಳಗಳ ಸಂಖ್ಯೆ ಗ ಎಂದು ಬರೆಯಿಸಿ. ‘ಬಾಳೆಹಣ್ಣು ಬ, ಮಾವು ಮ, 3ಬ + 2ಮ’ ಎಂದು ಸಜಾತಿ ಪದಗಳನ್ನು ಕಲಿಸುವ ರೂಢಿಯೂ ನಿಲ್ಲಬೇಕು. ಹಾಗೆ ಕಲಿತ ಮಗುವಿಗೆ ಮಬ ಎಂಬ ಗುಣಲಬ್ಧ ಬಂದಾಗ ಮಾವಿನಹಣ್ಣನ್ನು ಬಾಳೆಹಣ್ಣಿನಿಂದ ಗುಣಿಸುವುದು ಹೇಗೆ ಎಂದು ದಿಕ್ಕು ತೋಚುವುದಿಲ್ಲ.

ಕನ್ನಡ ಮೇಷ್ಟ್ರು

ಮೊದಲ ಅಕ್ಷರ ಬೇಡವೇ ಬೇಡ ಎನ್ನುವುದು ಸ್ವಲ್ಪ ಬಿಗಿಯಾಯಿತು. ದೂರಕ್ಕೆ ದ ಎಂದು ಮೇಲಿನವರು ಬರೆದರು, ಯಾರಿಗೂ ಗೊಂದಲವಾಗಲಿಲ್ಲ.

ಮಲ್ಲಿಗೆ ಮೊಳ

ದೂರ ಎನ್ನುವುದೇ ಒಂದು ಅಳತೆ ಸರ್, ಅದಕ್ಕೆ ‘ಎಷ್ಟು’ ಎನ್ನುವುದು ಅಂಟಿಕೊಂಡೇ ಇದೆ. ವಯಸ್ಸು, ಬೆಲೆ, ತೂಕ ಇವಕ್ಕೂ ತೊಂದರೆಯಿಲ್ಲ. ಹಣ್ಣು, ಮಾರು, ವಿದ್ಯಾರ್ಥಿ ಇಂತಹ ಎಣಿಸುವ ವಸ್ತುಗಳಿಗೆ ಮಾತ್ರ ನನ್ನ ಆಕ್ಷೇಪ. ಅಲ್ಲಿ ಮೊದಲ ಸಾಲಿನಲ್ಲೇ ‘ಕ ಎಂದರೆ ಮಾರುಗಳ ಸಂಖ್ಯೆ’ ಎಂದು ಪೂರ್ತಿ ವಾಕ್ಯ ಬರೆಸಿದರೆ ಅರ್ಧ ತಪ್ಪುಗಳು ಹುಟ್ಟುವುದಿಲ್ಲ.

ಓಲೆಗರಿ

ಕನ್ನಡ ಅಕ್ಷರಗಳನ್ನು ಬಳಸುತ್ತಿರುವುದು ನೋಡಿ ಸಂತೋಷವಾಯಿತು. ಅದಕ್ಕೆ ಹಳೆಯ ಬೇರುಗಳಿವೆ. ಗಣಿತಜ್ಞ ಬ್ರಹ್ಮಗುಪ್ತ 628ರಲ್ಲಿ ಬರೆದ ಕೃತಿಯಲ್ಲಿ ಅಜ್ಞಾತ ರಾಶಿಗೆ ಅವ್ಯಕ್ತ ಎಂದೂ ಹಲವು ಅಜ್ಞಾತಗಳಿಗೆ ವರ್ಣ, ಅಂದರೆ ಬಣ್ಣ, ಎಂದೂ ಹೆಸರಿದೆ. 12ನೇ ಶತಮಾನದ ಭಾಸ್ಕರಾಚಾರ್ಯ ಮೊದಲ ಅಜ್ಞಾತವನ್ನು ಯಾವತ್ತಾವತ್ ಎನ್ನುತ್ತಾನೆ, ‘ಎಷ್ಟೋ ಅಷ್ಟು’ ಎಂದರ್ಥ. ಎರಡನೆಯದು ಕಾಲಕ, ಮೂರನೆಯದು ನೀಲಕ, ಆಮೇಲೆ ಪೀತಕ, ಲೋಹಿತಕ. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ. ಸ್ಥಿರಾಂಕಕ್ಕೆ ರೂಪ, ಅದರ ಗುರುತು ರೂ. ನಾವು 3ಕ + 5 ಎಂದು ಬರೆಯುವುದನ್ನು ಅವರು ‘ಯಾ 3 ರೂ 5’ ಎಂದು ಬರೆಯುತ್ತಿದ್ದರು. ಬಣ್ಣದ ಹೆಸರುಗಳಾದ್ದರಿಂದ ಯಾವ ಹಣ್ಣಿಗೂ ಹೂವಿಗೂ ಅಂಟಿಕೊಳ್ಳುವುದಿಲ್ಲ. ಮಲ್ಲಿಗೆ ಮೊಳದವರ ಆಕ್ಷೇಪಕ್ಕೆ ಇದು ಒಳ್ಳೆಯ ಪರಿಹಾರ.

ಪದಗಳಲ್ಲಿ ಲೆಕ್ಕ ಹೇಳುವ ಪರಂಪರೆ ಕರ್ನಾಟಕದ್ದೂ ಹೌದು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಲೆಕ್ಕಗಳು ಹೆಚ್ಚಾಗಿ ಪದ್ಯದಲ್ಲಿ! ಅವರ ಓದುಗರು ಪದ್ಯದಿಂದಲೇ ಕ್ರಿಯೆಯನ್ನು ಬಿಡಿಸಿಕೊಳ್ಳಬೇಕಿತ್ತು.

ಭಾಸ್ಕರನ ಲೀಲಾವತಿ ಎಂಬ ಗ್ರಂಥದ ದುಂಬಿಗಳ ಲೆಕ್ಕ ತರಗತಿಗೆ ಹೇಳಿ ಮಾಡಿಸಿದಂತಿದೆ. ದುಂಬಿಗಳ ಗುಂಪಿನ ಐದನೇ ಒಂದು ಭಾಗ ಕದಂಬಕ್ಕೆ ಹೋಯಿತು, ಮೂರನೇ ಒಂದು ಭಾಗ ಶಿಲೀಂಧ್ರ ಎಂಬ ಹೂವಿಗೆ, ಇವೆರಡರ ವ್ಯತ್ಯಾಸದ ಮೂರರಷ್ಟು ಕುಟಜಕ್ಕೆ. ಉಳಿದದ್ದು ಒಂದೇ ದುಂಬಿ. ಎಣಿಕೆಗಾರರು ಹೇಳಿದ ಕೊನೆಯ ಪದದ ಕ್ರಮವನ್ನು ‘ವ್ಯತ್ಯಾಸದ ಮೂರರಷ್ಟು’ ಎನ್ನುವುದಕ್ಕೆ ಹಚ್ಚಿ ನೋಡಿ. ಕೊನೆಗೆ ಮೂರರಷ್ಟು, ಆದ್ದರಿಂದ ವ್ಯತ್ಯಾಸ ಆವರಣದೊಳಗೆ. ಒಟ್ಟು ದುಂಬಿಗಳು ಕ ಆದರೆ

ಕ/5 + ಕ/3 + 3(ಕ/3 − ಕ/5) + 1

ಇದು ಕ ಗೆ ಸಮ. ಕ = 15 ಇಟ್ಟರೆ 3 + 5 + 6 + 1, ಸರಿಯಾಗಿ 15. ಏಳನೆಯವರು ಬೀಜೋಕ್ತಿ ಬರೆದು 15 ಹೊಂದುತ್ತದೆಯೇ ಎಂದು ತಾಳೆ ನೋಡಿದರೆ ಸಾಕು. ಬಿಡಿಸುವುದು ಎಂಟನೆಯವರ ಪಾಲಿಗಿರಲಿ.

ಸಂಪಿಗೆ

ಈ ಲೆಕ್ಕವನ್ನು ರಾತ್ರಿ ಮಗನಿಗೆ ಹೇಳಿದೆ. ಆವರಣವನ್ನು ತಾನಾಗಿಯೇ ಹಾಕಿದ. ಇನ್ನೊಂದು ಸಂದೇಹವಿದೆ. ಪತ್ರಿಕೆಯಲ್ಲಿ ‘ಕಳೆದ ವರ್ಷಕ್ಕಿಂತ ಎರಡು ಪಟ್ಟು ಹೆಚ್ಚು ಮಳೆ’ ಎಂದಿತ್ತು. ಕಳೆದ ವರ್ಷ ಕ ಆದರೆ ಈ ವರ್ಷ 2ಕ ಎಂದು ನಾನು, 3ಕ ಎಂದು ಅವನು.

ಎಣಿಕೆಗಾರ

ನಿಮ್ಮ ಮಗನ ಪರ ನಾನು. ‘ಕ್ಕಿಂತ ಇಷ್ಟು ಹೆಚ್ಚು’ ಎಂದರೆ ಮೂಲಕ್ಕೆ ಅಷ್ಟನ್ನು ಸೇರಿಸು ಎಂದರ್ಥ. ‘ಶೇಕಡ 50ರಷ್ಟು ಹೆಚ್ಚು’ ಎಂದರೆ ಎಲ್ಲರೂ ಕ + ಕ/2 ಎನ್ನುತ್ತಾರೆ. ‘ಶೇಕಡ 200ರಷ್ಟು ಹೆಚ್ಚು’ ಎಂದರೆ ಕ + 2ಕ. ಎರಡು ಪಟ್ಟು ಎನ್ನುವುದೂ ಶೇಕಡ 200 ಎನ್ನುವುದೂ ಒಂದೇ ತಾನೆ? ಹಾಗಾದರೆ 3ಕ.

ಕನ್ನಡ ಮೇಷ್ಟ್ರು

ನಾನು ತಾಯಿಯ ಪರ. ಭಾಷೆಯಲ್ಲಿ ಅರ್ಥವನ್ನು ನಿರ್ಧರಿಸುವುದು ಬಳಕೆ. ‘ಬೆಲೆ ಎರಡು ಪಟ್ಟು ಹೆಚ್ಚಾಗಿದೆ’ ಎಂದು ಹೇಳುವ ವ್ಯಾಪಾರಿ 100 ಇದ್ದದ್ದು 200 ಆಯಿತು ಎಂದೇ ಹೇಳುತ್ತಿರುತ್ತಾನೆ. 300 ಆಗಿದ್ದರೆ ಮೂರು ಪಟ್ಟು ಎನ್ನುತ್ತಾನೆ. ಓದುಗರು ಕೂಡ ಹಾಗೆಯೇ ತಿಳಿಯುತ್ತಾರೆ.

ಎಣಿಕೆಗಾರ

ಬಳಕೆಯ ಮಾತು ಒಪ್ಪುತ್ತೇನೆ. ಆದರೆ ‘ಅರ್ಧ ಪಟ್ಟು ಹೆಚ್ಚು’ ಎಂದಾಗ ಅದೇ ವ್ಯಾಪಾರಿ 150 ಎನ್ನುತ್ತಾನಲ್ಲ. ಅಲ್ಲಿ ಸೇರಿಸುತ್ತಾನೆ, ಇಲ್ಲಿ ಸೇರಿಸುವುದಿಲ್ಲ. ಒಂದೇ ವಾಕ್ಯರಚನೆಗೆ ಎರಡು ಅರ್ಥ. ಇಂತಹ ವಾಕ್ಯವನ್ನು ಪರೀಕ್ಷೆಯಲ್ಲಿ ಕೊಟ್ಟು ಒಂದು ಉತ್ತರಕ್ಕೆ ಮಾತ್ರ ಅಂಕ ಕೊಡುವುದು ಅನ್ಯಾಯ.

ಬೆಳಕಿಂಡಿ

ಈ ಕೊನೆಯ ಮಾತಿನಲ್ಲಿ ಇಬ್ಬರೂ ಒಂದಾದಿರಿ ಎಂದುಕೊಳ್ಳುತ್ತೇನೆ. ಪ್ರಶ್ನೆಯಲ್ಲಿ ‘ಎರಡರಷ್ಟು’ ಅಥವಾ ‘ಎರಡು ಪಟ್ಟು’ ಎಂದಷ್ಟೇ ಬರೆಯುತ್ತೇನೆ, ‘ಹೆಚ್ಚು’ ಅದರ ಪಕ್ಕ ಬರುವುದಿಲ್ಲ.

ಇನ್ನೊಂದು ತೊಂದರೆ ಹೇಳಬೇಕು. ಸರಿಯಾಗಿ ಕ + 5 ಎಂದು ಬರೆದ ಮೇಲೂ ಹಲವು ಮಕ್ಕಳು ಸಮಾಧಾನವಾಗದೆ ಕೆಳಗೆ = 5ಕ ಎಂದು ಸೇರಿಸುತ್ತಾರೆ.

ಮಲ್ಲಿಗೆ ಮೊಳ

ಆರನೇ ತರಗತಿಯವರೆಗೆ ಕೂಡು ಚಿಹ್ನೆ ಎಂದರೆ ‘ಕೂಡಿ ಒಂದು ಉತ್ತರ ಬರೆ’ ಎಂಬ ಅಪ್ಪಣೆ. ಚಿಹ್ನೆ ಉಳಿದಿದ್ದರೆ ಲೆಕ್ಕ ಮುಗಿದಿಲ್ಲ ಎಂದು ಅವರಿಗೆ ಅನ್ನಿಸುವುದು ಸಹಜ. ಕ ಜಾಗದಲ್ಲಿ 10 ಇಟ್ಟು ಎರಡನ್ನೂ ನೋಡಲಿ: 15 ಮತ್ತು 50. ಜೊತೆಗೆ ಒಂದು ಮಾತುಕತೆ ಮಾಡಿಸಿ. ‘ನಿನ್ನ ವಯಸ್ಸು ನನಗೆ ಗೊತ್ತಿಲ್ಲ. ಐದು ವರ್ಷದ ಅನಂತರ ನಿನ್ನ ವಯಸ್ಸೆಷ್ಟು ಎಂದು ನಾನು ಹೇಗೆ ಹೇಳಲಿ?’ ‘ಈಗಿನದಕ್ಕೆ ಐದು ಸೇರಿಸಿ ಎನ್ನಿ.’ ಕ + 5 ಎನ್ನುವುದು ಆ ಪೂರ್ತಿ ಉತ್ತರ. ಗೊತ್ತಿಲ್ಲದಿರುವಾಗ ಅದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ.

3ಕ ಎಂದಾಗಲೂ ಗಮನವಿರಲಿ. ಕ = 4 ಎಂದರೆ 34 ಎಂದು ಬರೆಯುವ ಮಕ್ಕಳಿದ್ದಾರೆ. ಅವರಿಗೆ ಎರಡಂಕಿ ಸಂಖ್ಯೆಯ ಪ್ರಶ್ನೆ ಕೊಡಿ: ಹತ್ತರ ಸ್ಥಾನದಲ್ಲಿ ಅ, ಬಿಡಿ ಸ್ಥಾನದಲ್ಲಿ ಬ ಇದ್ದರೆ ಸಂಖ್ಯೆ ಯಾವುದು? ಅಬ ಅಲ್ಲ, 10ಅ + ಬ. ಪಕ್ಕದಲ್ಲಿ ಬರೆಯುವುದಕ್ಕೆ ಅಂಕಗಳಲ್ಲಿ ಒಂದು ಅರ್ಥ, ಅಕ್ಷರಗಳಲ್ಲಿ ಇನ್ನೊಂದು ಅರ್ಥ ಎನ್ನುವುದು ಅಲ್ಲಿ ಎದುರಿಗೇ ನಿಲ್ಲುತ್ತದೆ.

ಬೆಳಕಿಂಡಿ

ಎಲ್ಲರ ಸಲಹೆಗಳನ್ನು ಸೇರಿಸಿ ಒಂದು ಅಭ್ಯಾಸದ ಹಾಳೆ ಮಾಡಿದ್ದೇನೆ. ದಯವಿಟ್ಟು ನೋಡಿ.

1. 7ನ್ನು ಒಂದು ಸಂಖ್ಯೆಯಿಂದ ಕಳೆಯಿರಿ.
2. 7ನ್ನು ಒಂದು ಸಂಖ್ಯೆಯಿಂದ ಭಾಗಿಸಿ.
3. ಅಜ್ಜಿಯ ವಯಸ್ಸು ಮೊಮ್ಮಗಳ ವಯಸ್ಸಿನ ಐದರಷ್ಟಕ್ಕಿಂತ 3 ಕಡಿಮೆ. ಮೊಮ್ಮಗಳ ವಯಸ್ಸು ಕ ಆದರೆ ಅಜ್ಜಿಯ ವಯಸ್ಸು?
4. ಒಂದು ಸಂಖ್ಯೆಯಿಂದ 3 ಕಳೆದು ಬಂದುದರ ಐದರಷ್ಟು.
5. ಬಸ್ಸಿನಲ್ಲಿ ಕ ಪ್ರಯಾಣಿಕರಿದ್ದರು. ಅರ್ಧದಷ್ಟು ಮಂದಿ ಇಳಿದರು, 6 ಮಂದಿ ಹತ್ತಿದರು. ಈಗ ಎಷ್ಟು ಮಂದಿ?
6. ಒಂದು ಸಂಖ್ಯೆ ಮತ್ತು 8ರ ಅರ್ಧದಷ್ಟರ ಮೊತ್ತ.

ಎಣಿಕೆಗಾರ

ಮೊದಲ ಎರಡನ್ನು ಅಕ್ಕಪಕ್ಕ ಇಟ್ಟದ್ದು ಸರಿಯಾಗಿದೆ: ಕ − 7 ಮತ್ತು 7/ಕ. ಮೂರು ಮತ್ತು ನಾಲ್ಕು ಕೂಡ ಒಳ್ಳೆಯ ಜೋಡಿ, 5ಕ − 3 ಮತ್ತು 5(ಕ − 3). ಎರಡನೆಯದರಲ್ಲಿ ‘ಸೊನ್ನೆಯಲ್ಲದ ಒಂದು ಸಂಖ್ಯೆ’ ಎಂದು ತಿದ್ದಿ.

ಆರನೆಯದು ಹಾಗೆಯೇ ಹೋಗಬಾರದು. ಅರ್ಧ ಎನ್ನುವುದು 8ಕ್ಕೆ ಮಾತ್ರವೋ ಎರಡಕ್ಕೂವೋ? ಒಂದು ರೀತಿ ಓದಿದರೆ ಕ + 4, ಇನ್ನೊಂದು ರೀತಿ ಓದಿದರೆ ಕ/2 + 4. ಕೊನೆಯ ಪದ ‘ಮೊತ್ತ’ ಎನ್ನುವುದು ಕೊನೆಗೆ ಕೂಡಬೇಕು ಎಂದು ಹೇಳುತ್ತದೆ ನಿಜ. ಏನನ್ನು ಕೂಡಬೇಕು ಎನ್ನುವುದನ್ನು ‘ಮತ್ತು’ ಮಸುಕು ಮಾಡುತ್ತಿದೆ.

ಕನ್ನಡ ಮೇಷ್ಟ್ರು

‘ಮತ್ತು’ ತೆಗೆದು ವಿಭಕ್ತಿ ಹಚ್ಚಿದರೆ ಬಗೆಹರಿಯುತ್ತದೆ. ‘ಒಂದು ಸಂಖ್ಯೆಗೆ 8ರ ಅರ್ಧವನ್ನು ಸೇರಿಸಿ’ ಎಂದರೆ ಕ + 4 ಮಾತ್ರ. ‘ಒಂದು ಸಂಖ್ಯೆಯ ಅರ್ಧಕ್ಕೆ 8ರ ಅರ್ಧವನ್ನು ಸೇರಿಸಿ’ ಎಂದರೆ ಕ/2 + 4 ಮಾತ್ರ. ಎರಡನ್ನೂ ಕೊಡಬಹುದು.

ಬೆಳಕಿಂಡಿ

ಎರಡನ್ನೂ 6 ಮತ್ತು 7 ಎಂದು ಸೇರಿಸಿದೆ, ಎರಡನೆಯ ಪ್ರಶ್ನೆಯನ್ನೂ ತಿದ್ದಿದೆ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ‘ಕ = 20 ಆದಾಗ’ ಎಂಬ ಖಾಲಿ ಚೌಕವನ್ನೂ ಬಿಟ್ಟಿದ್ದೇನೆ. ಬೀಜೋಕ್ತಿ ಬರೆಯುವ ಮೊದಲು ಅದನ್ನು ತುಂಬಬೇಕು.